ಹಳೆಯ 4×4 ಪಿಕಪ್‌ಗೆ 4 ಇಂಚು ಲಿಫ್ಟ್, 33 ಇಂಚಿನ ಟೈರ್: ಎಲ್ಲಿಂದ ಶುರು ಮಾಡಬೇಕು?

ಮಣ್ಣುದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 1990ರ ಆಸುಪಾಸಿನ ಸಣ್ಣ ಪಿಕಪ್ ಒಂದನ್ನು ಆಫ್‌ರೋಡಿಗೆ ತಯಾರು ಮಾಡಬೇಕಿದೆ. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳು), ಹಿಂದೆ ಲೀಫ್ ಸ್ಪ್ರಿಂಗ್, ಪಾರ್ಟ್‌ಟೈಮ್ 4×4, ಲೋ ರೇಂಜ್ ಇದೆ. ಎರಡೂ ಡಿಫರೆನ್ಷಿಯಲ್ ಓಪನ್, ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರ್ ಜೋಡಿ) ಅನುಪಾತ 4.10, ಈಗಿನ ಟೈರ್ 225/75 ಆರ್15. ಎಂಜಿನ್, ಗೇರ್‌ಬಾಕ್ಸ್ ಸರಿಯಾಗಿವೆ. ಕಲ್ಲುದಾರಿ, ಕೆಸರು, ಮೊಣಕಾಲುದ್ದದ ಹಳ್ಳ ದಾಟಿದರೆ ಸಾಕು. ಅಲ್ಲಿಗೆ ಹೋಗಿಬರುವುದು ಮಾತ್ರ ಟಾರು ರಸ್ತೆಯಲ್ಲೇ.

ಟಾರ್ಷನ್ ಬಾರ್ ಬಿಗಿ ಮಾಡಿ, ಹಿಂದೆ ಉದ್ದನೆಯ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿ ಒಟ್ಟು 4 ಇಂಚು ಏರಿಸಿ, 33 ಇಂಚಿನ ಟೈರ್ ಕೂರಿಸಬೇಕೆಂದಿದ್ದೇನೆ. ಕ್ರೌನ್ ಪಿನಿಯನ್ ಬದಲಿಸಲೇಬೇಕಾ? ಬೇರೆ ಏನೇನು ನೋಡಿಕೊಳ್ಳಬೇಕು?

ಲೋರೇಂಜ್ ಉತ್ತರ:

33 ಬಿಡಿ, 31×10.50 ಆರ್15ಕ್ಕೆ ನಿಲ್ಲಿಸಿ. ಕಾರಣ ಲೆಕ್ಕದಲ್ಲೇ ಇದೆ. ನಿಮ್ಮ ಈಗಿನ ಟೈರಿನ ವ್ಯಾಸ ಸುಮಾರು 28.3 ಇಂಚು. ಹಳೆಯ ಅನುಪಾತವನ್ನು ಹೊಸ ವ್ಯಾಸದಿಂದ ಗುಣಿಸಿ ಹಳೆಯ ವ್ಯಾಸದಿಂದ ಭಾಗಿಸಿ. 33 ಇಂಚಿಗೆ 4.78 ಬರುತ್ತದೆ, ಅಂದರೆ 4.88ರ ಸೆಟ್ ಬೇಕು. 4×4 ಆದ್ದರಿಂದ ಹಿಂದೆ ಮುಂದೆ ಎರಡಕ್ಕೂ ಬೇಕು. ಒಂದಕ್ಕೆ ಮಾತ್ರ ಹಾಕಿ 4×4 ತೊಡಗಿಸಿದರೆ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡಿ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಾಳಾಗುತ್ತದೆ. 31 ಇಂಚಿಗೆ 4.49 ಬರುತ್ತದೆ. ಹಳೆಯ 4.10ರಲ್ಲೇ ಓಡಿಸಬಹುದು, ಟಾಪ್ ಗೇರಿನಲ್ಲಿ ಏರು ಬಂದಾಗ ಒಂದು ಗೇರ್ ಇಳಿಸಬೇಕಾಗುತ್ತದೆ ಅಷ್ಟೇ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 65-66ರಲ್ಲಿ ಇರುತ್ತದೆ, ನೆನಪಿರಲಿ.

ಇನ್ನೊಂದು ಮಾತು. ಲಿಫ್ಟ್ ಮಾಡಿದರೆ ಚಾಸಿ ಏರುತ್ತದೆ, ಹಿಂದಿನ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ನೆಲದಿಂದ ಎತ್ತುವುದು ಟೈರ್ ಮಾತ್ರ. 31ಕ್ಕೆ ಹೋದರೆ ಸುಮಾರು 34 ಮಿ.ಮೀ. ಸಿಗುತ್ತದೆ.

ಟಾರ್ಷನ್ ಬಾರ್ ಬಗ್ಗೆ: ಅದನ್ನು ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಗಾಡಿ ನಿಲ್ಲುವ ಮಟ್ಟ ಮಾತ್ರ ಮೇಲಾಗುತ್ತದೆ. ಆದರೂ ಸವಾರಿ ಒರಟಾಗುತ್ತದೆ, ಯಾಕೆಂದರೆ ಚಕ್ರ ಕೆಳಗಿಳಿಯಲು ಜಾಗ ಉಳಿದಿರುವುದಿಲ್ಲ. ಪ್ರತಿ ಗುಂಡಿಗೂ ಮೇಲಿನ ಆರ್ಮ್ ಸ್ಟಾಪಿಗೆ (ಚಕ್ರ ಇನ್ನೂ ಕೆಳಗಿಳಿಯದಂತೆ ತಡೆಯುವ ರಬ್ಬರ್) ಬಡಿಯುತ್ತದೆ. 25ರಿಂದ 35 ಮಿ.ಮೀ.ಗಿಂತ ಹೆಚ್ಚು ಬೇಡ. ಮಾಡುವ ಕ್ರಮ ಹೀಗೆ: ಚಕ್ರದ ಹಬ್‌ನ ನಡುವಿನಿಂದ ಫೆಂಡರ್ ಅಂಚಿನವರೆಗೆ ಎರಡೂ ಬದಿ ಅಳೆದು ಬರೆದುಕೊಳ್ಳಿ. ಅಡ್ಜಸ್ಟರ್ ಬೋಲ್ಟಿಗೆ ಬಣ್ಣದ ಗುರುತು ಹಾಕಿ. ಜಾಕ್ ಕೊಟ್ಟು ಚಾಸಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ನೇತಾಡುತ್ತಿರುವಾಗಲೇ ತಿರುಗಿಸಿ. ಭಾರ ಇರುವಾಗ ತಿರುಗಿಸಿದರೆ ತುಕ್ಕು ಹಿಡಿದ ಥ್ರೆಡ್ ಕಿತ್ತು ಬರುತ್ತದೆ. ಇಳಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಅಳೆಯಿರಿ. ಗಾಡಿ ನೆಲದ ಮೇಲೆ ನಿಂತಾಗ ಮೇಲಿನ ಆರ್ಮಿಗೂ ಕೆಳಹಂತದ ರಬ್ಬರ್ ಸ್ಟಾಪಿಗೂ ನಡುವೆ ಕನಿಷ್ಠ 20 ಮಿ.ಮೀ. ಸಂದು ಇರಬೇಕು. ಅಷ್ಟು ಇಲ್ಲದಿದ್ದರೆ ವಾಪಸ್ ಸಡಿಲಿಸಿ. ನಂತರ ವ್ಹೀಲ್ ಅಲೈನ್‌ಮೆಂಟ್ ಕಡ್ಡಾಯ, ಇಲ್ಲವಾದರೆ ಹೊಸ ಟೈರಿನ ಒಂದು ಅಂಚು ಬೇಗ ಸವೆದುಹೋಗುತ್ತದೆ.

4 ಇಂಚು ಬಾರ್ ತಿರುಗಿಸಿ ಪಡೆಯುವಂಥದ್ದೇ ಅಲ್ಲ. ಸಿವಿ ಜಾಯಿಂಟ್ (ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಕೀಲು) ಸದಾ ಓರೆಯಾಗಿ ತಿರುಗುತ್ತದೆ, ಅದರ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸ್ ಹೊರಗೆ, ಕೆಸರು ಒಳಗೆ.

ಗ್ರೀಸ್‌ಗನ್ ಉತ್ತರ:

ಮೇಲಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಿಂಭಾಗದ ಬಗ್ಗೆ ಬರೆಯುತ್ತೇನೆ.

ಶಾಕಲ್ ಎಷ್ಟು ಉದ್ದವಾಯಿತೋ ಅದರ ಅರ್ಧದಷ್ಟೇ ಗಾಡಿ ಏರುವುದು. 4 ಇಂಚು ಬೇಕಾದರೆ 8 ಇಂಚು ಉದ್ದ ಹೆಚ್ಚಿಸಬೇಕು, ಅಂಥ ಶಾಕಲ್ ತಿರುವಿನಲ್ಲಿ ಪಕ್ಕಕ್ಕೆ ವಾಲಾಡುತ್ತದೆ. ಅದೂ ಅಲ್ಲದೆ ಆಕ್ಸಲ್ ಉರುಳಿ ಪಿನಿಯನ್ ಮೂತಿ ಮೇಲಕ್ಕೆ ತಿರುಗುತ್ತದೆ. ಮಾಮೂಲಿ ಎರಡು ಕ್ರಾಸ್‌ಗಳ (ಬಾಗುವ ಕೀಲುಗಳ) ಪ್ರೊಪೆಲ್ಲರ್ ಶಾಫ್ಟ್ ಇದ್ದರೆ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಮತ್ತು ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಅದು ತಪ್ಪಿದರೆ ವೇಗ ಹೆಚ್ಚಿದಂತೆ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಸಾಯುತ್ತದೆ, ಪಿನಿಯನ್ ಆಯಿಲ್ ಸೀಲ್ ಸೋರುತ್ತದೆ. ಆಂಗಲ್ ಗೇಜ್ ಇಟ್ಟು ಎರಡನ್ನೂ ಅಳೆಯಿರಿ. ವ್ಯತ್ಯಾಸ ಇದ್ದರೆ ಸ್ಪ್ರಿಂಗಿಗೂ ಆಕ್ಸಲ್ ಪ್ಯಾಡಿಗೂ ನಡುವೆ ಉಕ್ಕಿನ ಓರೆ ಶಿಮ್ (ಬೆಣೆ) ಕೊಡಿ.

ಲೀಫ್ ಸ್ಪ್ರಿಂಗಿನ ಹಳೆಯ ಬ್ಲೇಡ್‌ಗಳು ಹೇಗೂ ಕುಸಿದಿರುತ್ತವೆ. ಹೊಸ ಸೆಟ್ ಹಾಕಿದರೆ, ಇಲ್ಲವೇ ಹಳೆಯವಕ್ಕೆ ಮತ್ತೆ ಬಾಗು ಕೊಟ್ಟು ಒಂದು ಉದ್ದನೆಯ ಬ್ಲೇಡ್ ಸೇರಿಸಿದರೆ ಬೇಕಾದ 40-50 ಮಿ.ಮೀ. ಅಲ್ಲೇ ಸಿಗುತ್ತದೆ. ಗಿಡ್ಡ, ದಪ್ಪ ಬ್ಲೇಡ್ ಬೇಡ: ಖಾಲಿ ಗಾಡಿ ಪುಟಿಯುತ್ತದೆ, ಆಕ್ಸಲ್ ನೆಲಕ್ಕೆ ತಕ್ಕಂತೆ ವಾಲದೆ ಒಂದು ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಯು ಬೋಲ್ಟ್ ಹೊಸದೇ ಹಾಕಿ, ಒಮ್ಮೆ ಎಳೆದ ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ಬುಷ್ ಬೋಲ್ಟುಗಳನ್ನು ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆಯೇ ಪೂರ್ತಿ ಬಿಗಿ ಮಾಡಿ. ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ತಿರುಚಿಕೊಂಡೇ ಕೂತು ಹರಿಯುತ್ತದೆ.

ಬಹಳ ಜನ ಗಮನಿಸದೆ ಬಿಡುವುದು ಬ್ರೇಕ್. ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿ ಹೋಗಿದ್ದರೆ ಅದು ಲೋಡ್ ನೋಡಿ ಬ್ರೇಕ್ ಒತ್ತಡ ಹಂಚುವ ವಾಲ್ವ್. ಗಾಡಿ ಏರಿದರೆ ವಾಲ್ವ್ ಪಾಲಿಗೆ ಸದಾ ಖಾಲಿ ಗಾಡಿ, ಹಾಗಾಗಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ಲೋಡ್ ಹಾಕಿದ ದಿನ ಇದು ಅಪಾಯ. ಆಕ್ಸಲ್ ಕಡೆಯ ಬ್ರಾಕೆಟ್ಟನ್ನು ಲಿಫ್ಟ್ ಆದಷ್ಟೇ ಎತ್ತರಿಸಿ, ಆಮೇಲೆ ಖಾಲಿ ಜಾಗದಲ್ಲಿ ಬ್ರೇಕ್ ಹಿಡಿದು ನೋಡಿ: ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಲಾಕ್ ಆಗಬಾರದು. ಬ್ರೇಕ್ ಹೋಸ್‌ಗಳನ್ನು ಚಕ್ರ ಪೂರ್ತಿ ನೇತಾಡಿಸಿ, ಸ್ಟೇರಿಂಗ್ ಎರಡೂ ಕೊನೆಗೆ ತಿರುಗಿಸಿ ಪರೀಕ್ಷಿಸಿ. ಸ್ವಲ್ಪ ಬಿಗಿದರೂ ಉದ್ದನೆಯದು ಹಾಕಿ. ಶಾಕ್ ಅಬ್ಸಾರ್ಬರ್‌ನ ಅಳತೆಯನ್ನೂ ಹೀಗೆಯೇ ತೆಗೆಯಿರಿ, ಪೂರ್ತಿ ನೇತಾಡಿದಾಗ ಒಂದು, ಬಂಪ್ ಸ್ಟಾಪಿಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್) ಕೂತಾಗ ಒಂದು. ಬರೀ ಉದ್ದದ ಶಾಕ್ ತಂದರೆ ಒಳಗೇ ಬಡಿದು ಒಡೆಯುತ್ತದೆ.

ಚಾಸಿಮೇಸ್ತ್ರಿ ಉತ್ತರ:

ಇದಕ್ಕೆಲ್ಲ ಮುಂಚೆ ಚಾಸಿ ನೋಡಿ. ಈ ವಯಸ್ಸಿನ ಗಾಡಿಯಲ್ಲಿ ಲೀಫ್ ಸ್ಪ್ರಿಂಗ್ ಹ್ಯಾಂಗರ್ ಸುತ್ತ, ಹಿಂದಿನ ಆಕ್ಸಲ್ ಮೇಲಿನ ಬಾಗು, ಕ್ರಾಸ್ ಮೆಂಬರ್ ಸೇರುವ ಜಾಗ, ಪೆಟ್ಟಿಗೆ ಆಕಾರದ ಭಾಗಗಳ ಒಳಮೈ ಇಲ್ಲೆಲ್ಲ ಕೆಸರು ಕೂತು ಒಳಗಿನಿಂದ ತುಕ್ಕು ತಿಂದಿರುತ್ತದೆ. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಅನ್ನುತ್ತದೆ, ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಪೇಂಟ್ ನಂಬಬೇಡಿ. ತೇಪೆ ಹಾಕುವುದಾದರೆ ತುಕ್ಕನ್ನು ಪೂರ್ತಿ ಕತ್ತರಿಸಿ ತೆಗೆದು, ಪ್ಲೇಟಿನ ತುದಿಗಳನ್ನು ಓರೆಯಾಗಿ ಕತ್ತರಿಸಿ ಬೆಸುಗೆ ಹಾಕಿಸಿ. ಚಾಸಿಗೆ ಅಡ್ಡಲಾಗಿ ನೇರ ಬೆಸುಗೆ ಗೆರೆ ಬಂದರೆ ಬಿರುಕು ಅಲ್ಲೇ ಶುರುವಾಗುತ್ತದೆ. ಬ್ಲೇಡ್‌ಗೆ ಮಾತ್ರ ಎಂದೂ ಬೆಸುಗೆ ಬೇಡ, ಶಾಖಕ್ಕೆ ಅದರ ಹದ ಹೋಗುತ್ತದೆ.

ಹಳ್ಳ ದಾಟುವುದಾದರೆ ಆಕ್ಸಲ್ ಬ್ರೀದರ್ (ಒಳಗಿನ ಗಾಳಿ ಆಡುವ ಕಿಂಡಿ) ಮೇಲೆತ್ತಿಸಿ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಬ್ರೀದರ್‌ನಿಂದ, ಸೀಲ್‌ನಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಯಿಲ್ ತಡೆಯುವ ರಬ್ಬರ್ ಹೋಸ್ ಹಾಕಿ ಎಂಜಿನ್ ಬೇ ಮೇಲ್ಭಾಗಕ್ಕೆ ಒಯ್ಯಿರಿ. ಆಕ್ಸಲ್ ಇಳಿಯಲು ಸಡಿಲ ಬಿಡಿ, ಆದರೆ ನಡುವೆ ಜೋತು ಬೀಳಬಾರದು, ಆ ಮಡಿಕೆಯಲ್ಲಿ ಆಯಿಲ್ ನಿಂತು ಮುಚ್ಚಿಕೊಳ್ಳುತ್ತದೆ. ಹಳ್ಳ ದಾಟಿದ ಮೇಲೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಿಸಿ.

ಮಣ್ಣುದಾರಿ:

ತುಂಬಾ ಉಪಕಾರವಾಯಿತು. 31ಕ್ಕೇ ನಿಲ್ಲಿಸುತ್ತೇನೆ. ಎತ್ತರ ಸಾಲದಿದ್ದರೆ ಬಾಡಿ ಲಿಫ್ಟ್ (ಚಾಸಿ ಬಿಟ್ಟು ಬಾಡಿಯನ್ನು ಮಾತ್ರ ಎತ್ತುವುದು) ನಡೆಯುತ್ತದೆಯೇ? ಉಳಿದ ಹಣದಲ್ಲಿ ಲಾಕರ್ (ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಡಿಫರೆನ್ಷಿಯಲ್ ಲಾಕ್ ಮಾಡುವ ಸಾಧನ) ಮೊದಲೋ, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ಯಂತ್ರ) ಮೊದಲೋ?

ಗ್ರೀಸ್‌ಗನ್:

ಬಾಡಿ ಲಿಫ್ಟ್‌ನಿಂದ ಟೈರಿಗೆ ಜಾಗ ಸಿಗುತ್ತದೆಯೇ ಹೊರತು ಚಾಸಿ ಒಂದು ಮಿ.ಮೀ. ಕೂಡ ಏರುವುದಿಲ್ಲ. ಸ್ಟೇರಿಂಗ್ ಶಾಫ್ಟ್, ರೇಡಿಯೇಟರ್ ಫ್ಯಾನಿನ ಕವಚ, ಗೇರ್ ಲಿವರ್, ಪೆಟ್ರೋಲ್ ತುಂಬುವ ಪೈಪ್ ಎಲ್ಲ ಎಳೆದಾಡಬೇಕು. 31ಕ್ಕೆ ಅದರ ಅಗತ್ಯ ಇಲ್ಲ. ಉಜ್ಜುವ ಕಡೆ ಫೆಂಡರ್ ಒಳಗಿನ ಅಂಚು ಮಡಚಿದರೆ ಸಾಕು.

ಲೋರೇಂಜ್:

ಲಾಕರ್ ಮೊದಲು, ಅದೂ ಹಿಂದೆ ಮಾತ್ರ, ಆನ್-ಆಫ್ ಮಾಡಬಹುದಾದ್ದು. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಓಪನ್ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಎದ್ದರೆ ಅದೇ ತಿರುಗುತ್ತಾ ನಿಲ್ಲುತ್ತದೆ. ಜಾರುವ ಅಡ್ಡ ಇಳಿಜಾರಿನಲ್ಲಿ ಆಫ್ ಮಾಡಿ, ಲಾಕ್ ಇದ್ದರೆ ಎರಡೂ ಚಕ್ರ ಒಟ್ಟಿಗೆ ಜಾರಿ ಹಿಂಭಾಗ ಕೆಳಕ್ಕೆ ಎಳೆಯುತ್ತದೆ.

ಅದಕ್ಕೂ ಮೊದಲು ಹಣವಿಲ್ಲದ ಕೆಲಸ ಒಂದಿದೆ: ಗಾಳಿ ಇಳಿಸುವುದು. ಕಲ್ಲುದಾರಿಗೆ 18-20 ಪಿಎಸ್ಐ, ಮೆತ್ತನೆ ಮರಳಿಗೆ 15. ಮಾಮೂಲಿ ರಿಮ್ಮಿನಲ್ಲಿ 12ರ ಕೆಳಗೆ ಹೋದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರಬಹುದು. ಟಾರಿಗೆ ಬರುವ ಮೊದಲು ತುಂಬಿಸಿಕೊಳ್ಳಲು ಕಂಪ್ರೆಸರ್ ಗಾಡಿಯಲ್ಲೇ ಇರಲಿ.

ಚಾಸಿಮೇಸ್ತ್ರಿ:

ವಿಂಚ್ ಇರಲಿ ಬಿಡಲಿ, ಹಿಂದೆ ಒಂದು, ಮುಂದೆ ಎರಡು ಗಟ್ಟಿ ಎಳೆಯುವ ಕೊಕ್ಕೆ ಬೇಕೇ ಬೇಕು. ಚಾಸಿಗೆ ಒಳಗಿನಿಂದ ಪ್ಲೇಟ್ ಕೊಟ್ಟು, 10.9 ಗ್ರೇಡಿನ ಬೋಲ್ಟ್ ಹಾಕಿ. ಸಾಗಣೆಯಲ್ಲಿ ಗಾಡಿ ಕಟ್ಟಲು ಕೊಟ್ಟಿರುವ ತೆಳು ಕೊಕ್ಕೆಗೆ, ಟ್ರೇಲರ್ ಸಿಕ್ಕಿಸುವ ಉಕ್ಕಿನ ಬಾಲ್‌ಗೆ ಎಂದೂ ಹಗ್ಗ ಹಾಕಬೇಡಿ. ಎಳೆತಕ್ಕೆ ಮುರಿದ ಬಾಲ್ ಗುಂಡಿನಂತೆ ಹಾರಿ ಜನ ಸತ್ತಿದ್ದಾರೆ. ಯು ಬೋಲ್ಟ್, ಈ ಕೊಕ್ಕೆಯ ಬೋಲ್ಟ್ ಎರಡನ್ನೂ ಮೊದಲ 100 ಕಿ.ಮೀ.ಗೆ ಒಮ್ಮೆ, 500ಕ್ಕೆ ಮತ್ತೊಮ್ಮೆ ಟಾರ್ಕ್ ವ್ರೆಂಚ್ ಹಾಕಿ ನೋಡಿ.