ಸಿಸೇರಿಯನ್ ಹೊಲಿಗೆಗೆ ಅರಿಶಿನ ಹಚ್ಚಬಹುದಾ?

ಪ್ರಶ್ನೆ: ಮೇಡಂ, ತಂಗಿಗೆ ಸಿಸೇರಿಯನ್ ಆಗಿ ಇವತ್ತಿಗೆ 7 ದಿನ. ನಿನ್ನೆ ಮನೆಗೆ ಕರ್ಕೊಂಡು ಬಂದೆವು. ಪಟ್ಟಿ ತೆಗೆದಿದ್ದಾರೆ. ಬೇಗ ಮಾಯಲಿ ಅಂತ ಅಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಇಟ್ಟಿದ್ದಾರೆ. ನೀರು ಜಾಸ್ತಿ ಕುಡಿದರೆ ಕೀವಾಗುತ್ತೆ ಅಂತಲೂ ಹೇಳ್ತಾರೆ. ನಿಜಾನಾ?

ಉತ್ತರ (ಹೆರಿಗೆ ಡಾಕ್ಟರ್): ಅರಿಶಿನ ಸಾರಿಗೆ ಹಾಕಿ, ಹೊಲಿಗೆಗೆ ಬೇಡ. ಅಡುಗೆಮನೆ ಡಬ್ಬಿಯ ಪುಡಿಯಲ್ಲಿ ಕ್ರಿಮಿ ಇರಬಹುದು. ಮೇಲಾಗಿ ಎಣ್ಣೆ ಅರಿಶಿನ ಮೆತ್ತಿದ ಮೇಲೆ ಕೆಂಪಾಗಿದೆಯಾ, ಕೀವಿದೆಯಾ ಅಂತ ಯಾರಿಗೂ ಕಾಣಲ್ಲ.

ಹೊಲಿಗೆ ಒಣಗಿರಬೇಕು, ಅಷ್ಟೇ. ಅದು ಇರುವುದು ಹೊಟ್ಟೆಯ ಮಡಿಕೆಯ ಕೆಳಗೆ. ಕೂತರೆ ಹೊಟ್ಟೆ ಅದರ ಮೇಲೆ ಬೀಳುತ್ತೆ, ಸಂದಿಯಲ್ಲಿ ಬೆವರು ನಿಲ್ಲುತ್ತೆ. ಕಿಟಕಿ ಮುಚ್ಚಿ, ಸ್ವೆಟರ್ ಹಾಕಿ, ಕೆಂಡದ ಶಾಖ ಬೇರೆ ಕೊಟ್ಟರೆ ಕೇಳಬೇಕಾ! ಸ್ನಾನ ಮಾಡಿಸಿ, ನೀರು ಹರಿದು ಹೋಗಲಿ, ಉಜ್ಜಬೇಡಿ. ಒಗೆದು ಒಣಗಿಸಿದ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ಆಮೇಲೆ ಮಲಗಿಸಿ, ಮಡಿಕೆ ಎತ್ತಿ ಸ್ವಲ್ಪ ಹೊತ್ತು ಗಾಳಿಯಾಡಲಿ. ಮುಟ್ಟುವ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ.

ನೀರಿಗೂ ಕೀವಿಗೂ ಸಂಬಂಧ ಇಲ್ಲ. ಹಾಲುಣಿಸುವವಳಿಗೆ ಬಾಯಾರಿಕೆ ಜಾಸ್ತಿ, ಬೇಕಾದಷ್ಟು ಕುಡಿಯಲಿ. ಪಥ್ಯ ಅಂತ ಬರೀ ಅನ್ನ, ಮೆಣಸಿನ ಸಾರು ಕೊಟ್ಟರೆ ಗಾಯ ಮಾಯೋದು ಹೇಗೆ? ಬೇಳೆ, ಮೊಟ್ಟೆ, ಹಾಲು ಕೊಡಿ.

ಇನ್ನೊಬ್ಬರು: ಆಂಟಿಬಯಾಟಿಕ್ ಇನ್ನೊಂದು ವಾರ ತಗೊಂಡರೆ ಸೇಫ್ ಅಲ್ವಾ ಡಾಕ್ಟ್ರೇ?

ಉತ್ತರ: ಸೋಂಕು ತಡೆಯೋಕೆ ಮುಖ್ಯವಾದ ಡೋಸ್ ಕೊಡುವುದು ಹೊಟ್ಟೆ ಕೊಯ್ಯುವ ಮುಂಚೆ, ಒಂದು ಗಂಟೆಯ ಒಳಗೆ. ಕೊಯ್ಯುವ ಹೊತ್ತಿಗೆ ಔಷಧ ರಕ್ತದಲ್ಲಿ ಇರಬೇಕು. ಸುಮ್ನೆ ಮುಂಜಾಗ್ರತೆ ಅಂತ ಆಮೇಲೆ ದಿನಗಟ್ಟಲೆ ಮುಂದುವರಿಸುವುದು ಬೇಡ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ಡಾಕ್ಟರ್ ಬರೆದುಕೊಟ್ಟಿದ್ದರೆ ಪೂರ್ತಿ ಮುಗಿಸಿ. ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ.

ಪ್ರಶ್ನೆ ಕೇಳಿದವರು: ಮೇಡಂ, ಈಗ ಮಡಿಕೆ ಎತ್ತಿ ನೋಡಿದೆ. ಎಡ ತುದಿ ಕೆಂಪಗಿದೆ, ಬಟ್ಟೆಗೆ ಹಳದಿ ನೀರಿನ ಕಲೆ. ಜ್ವರ ಇಲ್ಲ. ಬಸುರಿಯಲ್ಲಿ ಅವಳಿಗೆ ಶುಗರ್ ಇತ್ತು. ಫೋಟೋ ಹಾಕಲಾ?

ಉತ್ತರ: ಫೋಟೋ ಬೇಡ, ಇವತ್ತೇ ಆಪರೇಷನ್ ಆದ ಆಸ್ಪತ್ರೆಗೆ ಹೋಗಿ. ಜ್ವರ ಬರಲಿ ಅಂತ ಕಾಯಬೇಡಿ. ಶುಗರ್ ಇದ್ದವರಿಗೆ ಸೋಂಕಿನ ಭಯ ಜಾಸ್ತಿ. ಶುಗರ್ ಕೂಡ ಚೆಕ್ ಮಾಡಿಸಿ. ಡಿಸ್ಚಾರ್ಜ್ ಕಾರ್ಡ್ ಮರೀಬೇಡಿ. ಮಗುವನ್ನೂ ಕರ್ಕೊಂಡು ಹೋಗಿ, ಹಾಲು ಕುಡಿಸಬೇಕಲ್ಲ.