ಸಹಾಯ ಬೇಕು: ಅಜ್ಜನ ಕಾಲದ ಟ್ರೈ-ಆಂಗ್ (ಬ್ರಿಟಿಷ್ ಆಟಿಕೆ ರೈಲು ಕಂಪನಿ) ಎಂಜಿನ್ ಮೊಮ್ಮಕ್ಕಳ ಹಳಿ ಮೇಲೆ ಓಡಬೇಕು

ಎಲ್ಲರಿಗೂ ನಮಸ್ಕಾರ. ಅಜ್ಜನದು ಓಓ ಗೇಜ್ (16.5 ಮಿ.ಮೀ. ಹಳಿಯ ಮಾದರಿ ರೈಲು ಅಳತೆ) ಸ್ಟೀಮ್ ಎಂಜಿನ್ ಮಾದರಿ, ಒಳಗೆ ಟ್ರೈ-ಆಂಗ್‌ನದೇ ಎಕ್ಸ್04 ವಿದ್ಯುತ್ ಮೋಟರ್, 12 ವೋಲ್ಟ್ ಡಿಸಿ. ಮೊಮ್ಮಕ್ಕಳ ಹಳಿಯೂ ಅದೇ ಅಗಲದ್ದು.

ಎಂಜಿನ್ ಒಂದೇ ಆದರೆ ಓಡುತ್ತದೆ. ಎರಡು ಬೋಗಿ ಕಟ್ಟಿದರೆ ಮೋಟರ್ ಮುಟ್ಟಲಾಗದಷ್ಟು ಬಿಸಿ, ಕರೆಂಟು 1 ಆಂಪಿಯರ್ ದಾಟುತ್ತದೆ. ಗಟ್ಟಿಯಾಗಿದ್ದ ಗ್ರೀಸ್ ತೆಗೆದು, ಮೋಟರಿನ ತಿರುಗುವ ಸುರುಳಿಗೆ ಕರೆಂಟು ಕೊಡುವ ಕಮ್ಯುಟೇಟರ್‌ನ ಮೂರು ಸೀಳುಗಳಲ್ಲಿದ್ದ ಕಾರ್ಬನ್ ಪುಡಿಯನ್ನು ಹಲ್ಲುಕಡ್ಡಿಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದ್ದೇನೆ. ಅದಕ್ಕೆ ಒತ್ತಿಕೊಂಡಿರುವ ಕಾರ್ಬನ್ ಬ್ರಷ್ ಹೊಸವು. ಬ್ರಷ್ ಸ್ಪ್ರಿಂಗಿನ ಒಂದು ಕಾಲಿಗೆ ಹಾಕಿರುವ ಇನ್ಸುಲೇಷನ್ ಕೊಳವೆಯೂ ಸರಿಯಿದೆ (ಅದು ಹರಿದರೆ ನೇರ ಶಾರ್ಟ್, ಹಳೇ ಎಂಜಿನ್ ಇರುವವರು ಮೊದಲು ಅದನ್ನೇ ನೋಡಿ). ಮೋಟರ್ ಬಿಚ್ಚಿದರೆ ಚಕ್ರ, ರಾಡುಗಳು ಹಗುರವಾಗಿ ತಿರುಗುತ್ತವೆ. ಹಾಗಾಗಿ ಮ್ಯಾಗ್ನೆಟ್ ಶಕ್ತಿ ಕುಂದಿದೆ ಅನ್ನಿಸುತ್ತಿದೆ.

ಬೆಂಗಳೂರು, ಮೈಸೂರು ಕಡೆ ಮ್ಯಾಗ್ನೆಟ್‌ಗೆ ಮತ್ತೆ ಶಕ್ತಿ ತುಂಬಿಕೊಡುವವರು ಯಾರಾದರೂ ಇದ್ದಾರಾ? ಮೋಟರಿನಿಂದ ಬಿಚ್ಚದೆಯೇ ಮಾಡಬೇಕು. ಹೊರಗೆ ತೆಗೆದರೆ ಆಲ್ನಿಕೊ (ಇದರ ಹಳೇ ಮಿಶ್ರಲೋಹದ ಮ್ಯಾಗ್ನೆಟ್) ಇನ್ನಷ್ಟು ಸೋಲುತ್ತದೆ. ಅದರ ಬದಲು ಪುಟ್ಟ, ಹೆಚ್ಚು ಬಲದ ನಿಯೋಡಿಮಿಯಮ್ ಮ್ಯಾಗ್ನೆಟ್ ಹಾಕಿದವರಿದ್ದರೆ ಅಳತೆ ಹೇಳಿ, ಉಳಿದ ಜಾಗಕ್ಕೆ ಕಬ್ಬಿಣದ ತುಂಡು ಕೊಟ್ಟಿರಾ?

ಇನ್ನೊಂದು: ಕೋಡ್ 100 (0.1 ಇಂಚು ಎತ್ತರದ) ಹಳಿಯಲ್ಲಿ ಚಕ್ರದ ಆಳವಾದ ಅಂಚು ತಾಗುವುದಿಲ್ಲ, ಆದರೆ ಹೊಸ ಪಾಯಿಂಟ್‌ಗಳಲ್ಲಿ (ಹಳಿ ಕವಲೊಡೆಯುವ ಜಾಗ) ಎಂಜಿನ್ ಎಗರುತ್ತದೆ. ಎರಡು ಚಕ್ರಗಳ ಒಳಮೈ ಅಂತರ 13.8 ಮಿ.ಮೀ. ಇದೆ. ಆಕ್ಸಲ್ ಹಾಳಾಗದಂತೆ ಅದನ್ನು ಹೊಸ ಪಾಯಿಂಟ್‌ಗಳಿಗೆ ಬೇಕಾದ 14.5ರ ಹತ್ತಿರ ತರುವುದು ಹೇಗೆ? ಮೂಲ ಚಕ್ರ ಬದಲಿಸಲು ಮನಸ್ಸಿಲ್ಲ.