ಬೇಟೆ ರೈಫಲ್ಲಿನ ತೋಟಾಗಳು ಬಳಕೆಗೆ ಬರುವುದೇಕೆ, ಮರೆಯಾಗುವುದೇಕೆ?

ಪ್ರಶ್ನೆ (ಶಿರಸಿ):
ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬೆಳೆ ರಕ್ಷಣೆಯ ಪರವಾನಗಿಯ ಮೇಲೆ ಒಂದು .315 ರೈಫಲ್ (ಬೋರ್, ಅಂದರೆ ನಳಿಗೆಯ ಒಳ ಅಳತೆ, ಸುಮಾರು .315 ಇಂಚು) ಇದೆ. ಅಡಿಕೆ ತೋಟದ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಕೇಪಿನ ಕೋವಿ ಇಲ್ಲವೇ ಹನ್ನೆರಡು ಬೋರಿನ ಜೋಡುನಳಿಗೆಯಾದ್ದರಿಂದ, ಇದರ ವಿಷಯ ತಿಳಿದವರು ಊರಿನಲ್ಲಿ ಸಿಗುವುದಿಲ್ಲ. ಅಮೆರಿಕದಲ್ಲಿ ಜಿಂಕೆ ಬೇಟೆಯಾಡುವ ನಮ್ಮ ಭಾವ .315 ಎಂಬ ಹೆಸರನ್ನೇ ಕೇಳಿಲ್ಲವಂತೆ. ಅಲ್ಲಿ ಹೊಸಬರು ಪ್ರಸಿದ್ಧವಾದ .30-06 ತೋಟಾದ ರೈಫಲ್ಲನ್ನೂ ಬಿಟ್ಟು 6.5 ಕ್ರೀಡ್‌ಮೂರ್ ಎಂಬ ಹೊಸ ತೋಟಾದ್ದನ್ನು ಕೊಳ್ಳುತ್ತಿದ್ದಾರೆ ಎನ್ನುತ್ತಾರೆ. ಪ್ರಾಣಿಗಳು ಅವೇ ಇರುವಾಗ ತೋಟಾಗಳು ಏಕೆ ಬದಲಾಗುತ್ತವೆ?

ಉತ್ತರ (ಕಾರವಾರ):
ಸೈನ್ಯ ಮತ್ತು ಕಾನೂನು, ಇವೆರಡೇ ಮುಖ್ಯ ಕಾರಣಗಳೆಂದು ನನ್ನ ಅಭಿಪ್ರಾಯ. .30-06 ಎಂಬುದು ಅಮೆರಿಕದ ಸೈನ್ಯ 1906ರಲ್ಲಿ ಒಪ್ಪಿಕೊಂಡ ತೋಟಾ. ಯುದ್ಧ ಮುಗಿಸಿ ಬಂದವರು ತಮಗೆ ಅಭ್ಯಾಸವಾದದ್ದನ್ನೇ ಬೇಟೆಗೂ ಬಳಸಿದರು. ನಮ್ಮಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಬ್ರಿಟಿಷ್ ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದೆಂದು ಸರ್ಕಾರ ಅದನ್ನು ನಿಷಿದ್ಧ ಬೋರ್ ಎಂದು ಇರಿಸಿದ್ದರಿಂದ, ಆಸ್ಟ್ರಿಯಾ-ಹಂಗೇರಿಯ ಸೈನ್ಯದ 8×50ಆರ್ ಮನ್‌ಲಿಖರ್ ತೋಟಾ .315 ಎಂಬ ಹೆಸರಿನಲ್ಲಿ ಇಲ್ಲಿ ನೆಲೆಯೂರಿತು. ಹುಟ್ಟಿದ ನಾಡಿನಲ್ಲಿ ಮೂಲೆ ಸೇರಿದ ತೋಟಾಕ್ಕೆ ಇಲ್ಲಿ ಆಶ್ರಯ ಸಿಕ್ಕಿತು. ಆನೆ, ಕಾಟಿಗಳ ಬೇಟೆಗೆ ಬಳಸುತ್ತಿದ್ದ .450 ಬೋರಿನ ರೈಫಲ್ಲುಗಳನ್ನೂ ಬ್ರಿಟಿಷರು 1907ರ ಸುಮಾರಿಗೆ ಭಾರತದಲ್ಲಿ ನಿಷೇಧಿಸಿದರು. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕೂ .450 ಬೋರಿನದೇ ಆದ್ದರಿಂದ, ಅದನ್ನು ಹಿಡಿದ ದಂಗೆಕೋರರಿಗೆ ಬೇಟೆಯ ಗುಂಡು ಒದಗೀತೆಂಬ ಭಯ ಅವರಿಗಿತ್ತು. ಲಂಡನ್ನಿನ ತಯಾರಕರು ಒಡನೆಯೇ .470, .465 ಮುಂತಾದ ಬೋರುಗಳತ್ತ ತಿರುಗಿದರು.

ಉತ್ತರ (ಯಲ್ಲಾಪುರ):
ಕಾರವಾರದವರು ಹೇಳಿದ್ದು ಸರಿಯೇ, ಆದರೆ ಸೈನ್ಯದ ಹಂಗಿಲ್ಲದೆ ಗೆದ್ದ ಮತ್ತು ಸೋತ ತೋಟಾಗಳೂ ಇವೆ. 1955ರಲ್ಲಿ ಅಮೆರಿಕದ ಬಂದೂಕು ಕಂಪನಿಗಳಾದ ವಿಂಚೆಸ್ಟರ್ .243 ತೋಟಾವನ್ನೂ ರೆಮಿಂಗ್ಟನ್ .244 ಅನ್ನೂ ಮಾರುಕಟ್ಟೆಗೆ ತಂದವು. ಎರಡರ ಗುಂಡಿನ ಗಾತ್ರ ಒಂದೇ, ಶಕ್ತಿಯಲ್ಲಿ .244 ತುಸು ಮೇಲೆಯೇ. ಆದರೆ ರೆಮಿಂಗ್ಟನ್ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿಗೀರು ಒಂದು ಸುತ್ತಿಗೆ 12 ಇಂಚು ತೆಗೆದುಕೊಳ್ಳುತ್ತಿದ್ದುದರಿಂದ ಉದ್ದನೆಯ 100 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಅದರಲ್ಲಿ ಸ್ಥಿರವಾಗಿ ತಿರುಗುವುದು ಕಷ್ಟವಾಗಿತ್ತು, 10 ಇಂಚಿನ ವಿಂಚೆಸ್ಟರ್‌ನಲ್ಲಿ ಆ ತೊಡಕಿರಲಿಲ್ಲ. ಒಂದೇ ರೈಫಲ್ಲಿನಲ್ಲಿ ಚಿಕ್ಕ ಪ್ರಾಣಿಯನ್ನೂ ಜಿಂಕೆಯನ್ನೂ ಹೊಡೆಯಬಯಸಿದವರು .243 ಕೊಂಡರು. ಮುಂದೆ ಸುರುಳಿಯನ್ನು ಬಿಗಿ ಮಾಡಿ, 6 ಮಿ.ಮೀ. ರೆಮಿಂಗ್ಟನ್ ಎಂದು ಹೆಸರು ಬದಲಿಸಿದರೂ ಹೋದ ಗಿರಾಕಿ ತಿರುಗಿ ಬರಲಿಲ್ಲ.

6.5 ಕ್ರೀಡ್‌ಮೂರ್ ಈ ಪಾಠವನ್ನು ಕಲಿತೇ ಹುಟ್ಟಿದಂತಿದೆ. ಹಾರ್ನಡಿ ಕಂಪನಿ 2007ರಲ್ಲಿ ಅದನ್ನು ತಂದದ್ದು ದೂರದ ಗುರಿಸ್ಪರ್ಧೆಗಾಗಿ. ಉದ್ದನೆಯ ಸಪೂರ ಗುಂಡು, ಅದಕ್ಕೆ ತಕ್ಕ ಬಿಗಿ ಸುರುಳಿ, ಭುಜಕ್ಕೆ ಕಡಿಮೆ ಹೊಡೆತ, ಇವೆಲ್ಲ ಮೊದಲಿನಿಂದಲೇ ಹೊಂದಿಕೊಂಡಿದ್ದವು. ಹಾಗೆಂದು ಅದು ಅದ್ಭುತವೇನೂ ಅಲ್ಲ. ಸ್ವೀಡನ್ನಿನವರು 1890ರ ದಶಕದ 6.5×55 ತೋಟಾದಿಂದ ಮೂಸ್‌ನಂಥ ದೊಡ್ಡ ಪ್ರಾಣಿಯನ್ನು ಇಂದಿಗೂ ಹೊಡೆಯುತ್ತಾರೆ.

ಉತ್ತರ (ಕುಮಟಾ):
.30-06 ಮೂಲೆಗೆ ಸೇರಿತೆಂಬ ಮಾತನ್ನು ತಮ್ಮ ಭಾವನವರು ಸ್ವಲ್ಪ ಹಿಗ್ಗಿಸಿ ಹೇಳಿರಬಹುದು. ಅಮೆರಿಕದ ಅಂಗಡಿಗಳಲ್ಲಿ ಅದು ಈಗಲೂ ಧಾರಾಳವಾಗಿ ಸಿಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಮಾರುಕಟ್ಟೆಯೇ ಇಲ್ಲವಾದ್ದರಿಂದ ಹೊಸ ತೋಟಾ ತರುವ ಅಗತ್ಯ ಯಾರಿಗೂ ಬೀಳಲಿಲ್ಲ. ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆ .315 ರೈಫಲ್ ತಯಾರಿಸುತ್ತ ಬಂದದ್ದರಿಂದಲೇ ಅದು ಉಳಿದಿದೆ. ತಾವು ತೋಟಾ ಕೊಳ್ಳಲು ಹೋಗುವ ಮುನ್ನ ಪರವಾನಗಿಯಲ್ಲಿ ಬೋರ್ ಹೇಗೆ ನಮೂದಾಗಿದೆ ಎಂದು ಒಮ್ಮೆ ನೋಡಿಕೊಳ್ಳಿ, ಅಂಗಡಿಯವರು ಕೇಳುವುದು ಅದನ್ನೇ.